ಆಫೀಸಿನ ನೀರು, ಆಫೀಸಿನ ಕುರ್ಚಿ

ಪೋಸ್ಟ್ ಸ್ವಲ್ಪ ಉದ್ದ ಇದೆ, ಪುರುಸೊತ್ತು ಮಾಡಿಕೊಂಡು ಓದಿ. ಹೊಸದಾಗಿ ಕೆಲಸಕ್ಕೆ ಸೇರಿದ ನಮ್ಮ ಹುಡುಗ ಹುಡುಗಿಯರಂತೂ ಓದಲೇಬೇಕು.

ಹೋದ ತಿಂಗಳು ನಮ್ಮ ಕಚೇರಿಯಲ್ಲಿ ‘ಒತ್ತಡ ನಿರ್ವಹಣೆ’ ಅಂತ ಅರ್ಧ ದಿನದ ತರಬೇತಿ ಇತ್ತು. ಬಂದವರು ಒಳ್ಳೆಯ ಮನುಷ್ಯರೇ. ಉಸಿರು ಎಳೆದುಕೊಳ್ಳಿ, ನಾಲ್ಕು ಎಣಿಸಿ, ನಿಧಾನವಾಗಿ ಬಿಡಿ ಅಂದರು. ಆಫೀಸಿನ ಚಿಂತೆಯನ್ನ ಮನೆಗೆ ಹೊತ್ತುಕೊಂಡು ಹೋಗಬೇಡಿ ಅಂದರು. ತಪ್ಪೇನಿಲ್ಲ, ನಾನೂ ಎಣಿಸಿದೆ.

ಅದೇ ವಾರ ಬೇರೆ ಇಲಾಖೆಯಲ್ಲಿರುವ ನಮ್ಮ ಹುಡುಗನೊಬ್ಬ ಮನೆಗೆ ಬಂದ. ಕೆಲಸಕ್ಕೆ ಸೇರಿ ಎಂಟು ತಿಂಗಳು. ಜೇಬಲ್ಲಿ ರಾಜೀನಾಮೆ ಪತ್ರ. “ಅಣ್ಣಾ, ಬೆಳಗ್ಗೆ ಎದ್ರೆ ಹೊಟ್ಟೆ ಹಿಂಡ್ತದೆ. ಕೆಲಸ ಕಷ್ಟ ಅಂತಲ್ಲ. ನಾನು ಒಳಗೆ ಹೋದ್ರೆ ಮಾತು ನಿಂತುಬಿಡ್ತದೆ. ಊಟಕ್ಕೆ ಕೂತರೆ ಪಕ್ಕದವರು ಡಬ್ಬಿ ಎತ್ಕೊಂಡು ಎದ್ದು ಹೋಗ್ತಾರೆ. ಇದನ್ನ ಏನಂತ ದೂರು ಕೊಡ್ಲಿ?” ಅಂದ. ಅವನಿಗೆ ಉಸಿರು ಎಣಿಸಪ್ಪ ಅನ್ನಲು ನನಗೆ ಬಾಯಿ ಬರಲಿಲ್ಲ. ಕಾಳಿದಾಸನ ವಿಷಯ ಹೇಳಿದೆ. ಕವಿ ಕಾಳಿದಾಸ ಅಲ್ಲ, ಗುಮಾಸ್ತ ಕಾಳಿದಾಸ.

ಪೂರ್ತಿ ಹೆಸರು ಪರ್ಮಾರ್ ಕಾಳಿದಾಸ್ ಶಿವರಾಮ್. ಸಫಾಯಿ ಕೆಲಸದ ಸಮುದಾಯದವನು. 1933ರಲ್ಲಿ ವರ್ನಾಕ್ಯುಲರ್ ಫೈನಲ್ ಪಾಸಾದ. 1936ರ ಫೆಬ್ರವರಿ 19ರಂದು ಖೇಡಾ ಜಿಲ್ಲೆ ಬೋರ್ಸದ್ ತಾಲ್ಲೂಕಿನ ಮಾಮಲೇದಾರ್ ಕಚೇರಿಯಲ್ಲಿ ತಲಾಟಿಯಾಗಿ ನೇಮಕವಾಯಿತು. ತಲಾಟಿ ಅಂದರೆ ನಮ್ಮ ಕಡೆಯ ಗ್ರಾಮ ಲೆಕ್ಕಿಗ. ಅದು ಆಗಿನ ಮುಂಬೈ ಪ್ರಾಂತ್ಯ. ನಮ್ಮ ಧಾರವಾಡ, ಬೆಳಗಾವಿ, ವಿಜಾಪುರ ಕೂಡ ಆಗ ಅದೇ ಪ್ರಾಂತ್ಯದಲ್ಲಿದ್ದವು.

ಮೊದಲ ದಿನವೇ ಗುಮಾಸ್ತನೊಬ್ಬ ಯಾರು ನೀನು ಅಂತ ಕೇಳಿ, ಉತ್ತರ ಕೇಳಿದ ಕೂಡಲೇ ದೂರ ನಿಲ್ಲಿಸಿದ. ಹುಡುಗ ತನ್ನ ಕಾಗದಪತ್ರಗಳನ್ನು ನೆಲಕ್ಕೆ ಹಾಕಬೇಕಾಯಿತು. ಕಚೇರಿ ಜಗಲಿಯಲ್ಲಿ ಕುಡಿಯುವ ನೀರು ಇತ್ತು. ನೀರಿನವನು ಇಲ್ಲದಾಗ ಬೇರೆ ಗುಮಾಸ್ತರು ತಾವೇ ತಗೊಂಡು ಕುಡಿಯಬಹುದು. ಕಾಳಿದಾಸ ಮಾತ್ರ ಮುಟ್ಟುವ ಹಾಗಿಲ್ಲ. ಅವನಿಗೆ ಅಂತಲೇ ತುಕ್ಕು ಹಿಡಿದ ಒಂದು ಚಿಕ್ಕ ಪಾತ್ರೆ. ನೀರಿನವನು ಮೇಲಿಂದ ಹೊಯ್ಯಬೇಕು. ಇವನು ಬರುವುದು ಕಂಡರೆ ಅವನು ಮೆಲ್ಲಗೆ ಜಾಗ ಖಾಲಿ ಮಾಡುತ್ತಿದ್ದ. ನೀರಿಲ್ಲದೆ ಕಳೆದ ದಿನಗಳು ಎಷ್ಟೋ. ಊರಲ್ಲಿ ಬಾಡಿಗೆಗೆ ಒಂದು ಕೋಣೆಯೂ ಸಿಗಲಿಲ್ಲ. ಬಜ್ಜಿ ತಿಂದು ಕಚೇರಿಯ ಜಗಲಿಯಲ್ಲೇ ನಾಲ್ಕು ದಿನ ಮಲಗಿದ. ಆಮೇಲೆ ಒಂದೂವರೆ ತಿಂಗಳು ತನ್ನ ಹಿರೀಕರ ಹಳ್ಳಿಯಿಂದ ದಿನಾ ನಡೆದೇ ಓಡಾಡಿದ.

ಇಲ್ಲಿ ಇನ್ನೊಂದು ಸಂಗತಿ ಹೇಳಬೇಕು. ಅದೇ 1936ರ ಜುಲೈನಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿದ್ದ ಹಾನ್ಸ್ ಸೆಲ್ಯೆ ಎಂಬ ವಿಜ್ಞಾನಿ ‘ನೇಚರ್’ ಪತ್ರಿಕೆಯಲ್ಲಿ ಒಂದು ಪುಟ್ಟ ಬರಹ ಪ್ರಕಟಿಸಿದರು. ಇವತ್ತು ನಾವು ಸ್ಟ್ರೆಸ್ ಅನ್ನುವ ವಿಚಾರದ ಬೇರು ಆ ಬರಹದಲ್ಲಿದೆ. ಇಲಿಗಳಿಗೆ ಚಳಿ, ಗಾಯ, ವಿಷ, ಯಾವುದರ ಹಿಂಸೆ ಕೊಟ್ಟರೂ ದೇಹ ಒಂದೇ ರೀತಿ ಪ್ರತಿಕ್ರಿಯಿಸುತ್ತದೆ ಎಂದು ಅವರು ಕಂಡುಕೊಂಡರು. ಮೊದಲು ದೇಹ ಬೆಚ್ಚುತ್ತದೆ. ಆಮೇಲೆ ಹೊಂದಿಕೊಂಡು ತಡೆದುಕೊಳ್ಳುತ್ತದೆ. ಹಿಂಸೆ ನಿಲ್ಲದಿದ್ದರೆ ಕೊನೆಗೆ ಸೋತು ಕುಸಿಯುತ್ತದೆ. ತರಬೇತಿಗಳಲ್ಲಿ ಈ ಮೂರು ಹಂತಗಳನ್ನು ಈಗಲೂ ಹೇಳುತ್ತಾರೆ. ಆದರೆ ಆ ಪ್ರಯೋಗದಲ್ಲಿ ಇಲಿಯ ಸ್ವಭಾವದಲ್ಲಿ ದೋಷ ಇರಲಿಲ್ಲ, ಹಿಂಸೆ ಹೊರಗಿಂದ ಬಂದಿತ್ತು. ಆ ಮಾತನ್ನ ಮಾತ್ರ ಮರೆಯುತ್ತಾರೆ.

ಕಾಳಿದಾಸನ ಮೂರನೇ ಹಂತ ಸೈಜ್‌ಪುರ ಎಂಬ ಹಳ್ಳಿಯಲ್ಲಿ ಬಂತು. ಜನನ ಮರಣದ ಲೆಕ್ಕವೋ ಜನಸಂಖ್ಯೆಯ ಪಟ್ಟಿಯೋ, ಏನೋ ಕಾಗದದ ಕೆಲಸಕ್ಕೆ ಗ್ರಾಮ ಕಚೇರಿಗೆ ಹೋದ. ಒಳಗೆ ಊರಿನ ಮುಖ್ಯಸ್ಥ ಮತ್ತು ಹಿರಿಯ ತಲಾಟಿ ಕೂತಿದ್ದರು. ಕಾಲು ಗಂಟೆ ಬಾಗಿಲಲ್ಲಿ ನಿಂತರೂ ಇಬ್ಬರೂ ತಿರುಗಿ ನೋಡಲಿಲ್ಲ. ಅಷ್ಟು ದಿನದ ಸಂಕಟ, ಸಿಟ್ಟು. ಅಲ್ಲೇ ಇದ್ದ ಕುರ್ಚಿಯಲ್ಲಿ ಕೂತುಬಿಟ್ಟ. ಅಷ್ಟೇ ಅವನು ಮಾಡಿದ್ದು. ಅವರಿಬ್ಬರೂ ಮಾತಿಲ್ಲದೆ ಎದ್ದು ಹೊರಟರು. ಸ್ವಲ್ಪ ಹೊತ್ತಿಗೆ ಜನ ಮುತ್ತಿದರು. ಮುಂದಾಳು ಯಾರು ಗೊತ್ತಾ? ಊರಿನ ಗ್ರಂಥಾಲಯದ ಅಧಿಕಾರಿ. ಓದಿದವನು, ಓದಿಸುವವನು! ಕುರ್ಚಿಯಿಂದ ಎಬ್ಬಿಸಿ ನೆಲದ ಮೇಲೆ ಕೂರಿಸಿದರು. ಕೆಲವರು ಕತ್ತಿಯಿಂದ ಕಡಿಯುತ್ತೇವೆ ಅಂತ ಬೆದರಿಸಿದರು.

ಆಗ ಆ ಹುಡುಗನಿಗೆ ಒಂದು ಉಪಾಯ ಹೊಳೆಯಿತು, ಗುಮಾಸ್ತನಿಗೆ ಮಾತ್ರ ಹೊಳೆಯುವಂಥದ್ದು. ಕಾಗದ ಕೇಳಿ ತಗೊಂಡು, ಎಲ್ಲರಿಗೂ ಕಾಣುವ ಹಾಗೆ ದಪ್ಪ ಅಕ್ಷರದಲ್ಲಿ ಮಾಮಲೇದಾರರಿಗೆ ಪತ್ರ ಬರೆದ. ಇವತ್ತು ನನ್ನ ಸಾವು ಬಂದಿದೆ, ಅಪ್ಪ ಅಮ್ಮನಿಗೆ ತಿಳಿಸಿ ಎಂಬ ಅರ್ಥದ ಪತ್ರ. ದಾಖಲೆ ಆಗುತ್ತದೆ ಅಂತ ಗೊತ್ತಾದರೆ ಹೆದರಿಯಾರು ಅನ್ನುವ ಆಸೆ. ಗ್ರಂಥಾಲಯದವನು ಅದನ್ನು ಓದಿ, ಹರಿದು ಹಾಕು ಅಂದ. ಹರಿದ. ಕೆಲಸ ಬಿಡುತ್ತೇನೆ ಅಂತ ಮಾತು ಕೊಟ್ಟ. ಸಂಜೆ ಏಳರವರೆಗೆ ಕೂಡಿಹಾಕಿ ಆಮೇಲೆ ಬಿಟ್ಟರು. ಹದಿನೈದು ದಿನ ರಜೆ ಹಾಕಿ ಮುಂಬೈಗೆ, ಅಪ್ಪ ಅಮ್ಮನ ಹತ್ತಿರ ಹೋದ.

ಇದು ನಮಗೆ ತಿಳಿದದ್ದು ಹೇಗೆ? 1938ರ ಮಾರ್ಚ್ 6ರಂದು ಮುಂಬೈ ದಾದರ್‌ನಲ್ಲಿ ಅವನ ಸಮುದಾಯದ ಸಭೆ ನಡೆಯಿತು. ಇಂದುಲಾಲ್ ಯಾಜ್ಞಿಕ್ ಅಧ್ಯಕ್ಷರು. ಕಾಳಿದಾಸ ಅಲ್ಲಿ ಎದ್ದು ನಿಂತು ಎಲ್ಲ ಹೇಳಿದ. ಬಾಬಾಸಾಹೇಬರು ಅದನ್ನು ‘ವೇಟಿಂಗ್ ಫಾರ್ ಎ ವೀಸಾ’ ಬರಹದಲ್ಲಿ ಸೇರಿಸಿದರು.

ಬಾಬಾಸಾಹೇಬರಿಗೆ ಆ ಹುಡುಗನ ಬಾಯಾರಿಕೆ ಬಿಡಿಸಿ ಹೇಳಬೇಕಾಗಿರಲಿಲ್ಲ. 1917ರಲ್ಲಿ ಕೊಲಂಬಿಯಾ ಓದು ಮುಗಿಸಿ, ಲಂಡನ್ ಓದನ್ನು ಅರ್ಧಕ್ಕೆ ಬಿಟ್ಟು ಬಂದು ಬರೋಡಾ ಸಂಸ್ಥಾನದ ಅಕೌಂಟೆಂಟ್ ಜನರಲ್ ಕಚೇರಿಗೆ ಸೇರಿದಾಗ ಜವಾನರು ಕಡತಗಳನ್ನು ಅವರ ಮೇಜಿಗೆ ದೂರದಿಂದ ಎಸೆಯುತ್ತಿದ್ದರು. ಉಳಿದುಕೊಂಡಿದ್ದ ಪಾರ್ಸಿ ವಸತಿಗೃಹದಿಂದ ಹನ್ನೊಂದನೇ ದಿನ ದೊಣ್ಣೆ ಹಿಡಿದವರು ಬಂದು ಹೊರಡಿಸಿದರು. 1918ರಲ್ಲಿ ಮುಂಬೈನ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾದಾಗ, ಪ್ರಾಧ್ಯಾಪಕರ ಗಡಿಗೆಯಿಂದ ಅವರು ನೀರು ಕುಡಿಯಬಾರದು ಅಂತ ಕೆಲವರು ತಕರಾರು ತೆಗೆದರು. ಬರೋಡಾ, ಬೋರ್ಸದ್, ಮುಂಬೈ, ಎಲ್ಲಾ ಕಡೆ ಅದೇ ನೀರು.

ಹಾಗಾದರೆ ಅವರು ಈ ಒತ್ತಡವನ್ನ ‘ನಿರ್ವಹಿಸಿದ್ದು’ ಹೇಗೆ? 1942ರಲ್ಲಿ ವೈಸರಾಯ್ ಕೌನ್ಸಿಲಿನ ಕಾರ್ಮಿಕ ಸದಸ್ಯರಾದರು. 1946ರ ಕಾರ್ಖಾನೆ ತಿದ್ದುಪಡಿಯಲ್ಲಿ ವಾರದ ದುಡಿಮೆ 54 ಗಂಟೆಯಿಂದ 48ಕ್ಕೆ ಇಳಿಯಿತು. ಅವರ ನಂತರ ಆ ಖಾತೆ ಬಾಬು ಜಗಜೀವನರಾಮ್ ಅವರ ಕೈಗೆ ಬಂತು. ಬಿಹಾರದ ಆರಾದಲ್ಲಿ ಶಾಲೆಗೆ ಹೋಗುವಾಗ, ಅಸ್ಪೃಶ್ಯರಿಗೆ ಅಂತ ಇಟ್ಟ ಬೇರೆ ಗಡಿಗೆಯನ್ನು ಎರಡು ಸಲ ಒಡೆದುಹಾಕಿದ ಹುಡುಗ ಅವರು. ಅವರು ಸಚಿವರಾಗಿದ್ದಾಗ ಬಂದ 1948ರ ಕಾರ್ಖಾನೆ ಕಾಯ್ದೆ ತೆಗೆದು ನೋಡಿ. 18ನೇ ಕಲಂ ಕುಡಿಯುವ ನೀರು: ಎಲ್ಲ ಕೆಲಸಗಾರರಿಗೂ ಕೊಡಬೇಕಿತ್ತು, ಹೆಚ್ಚಿನವರಿಗೆ ಅರ್ಥವಾಗುವ ಭಾಷೆಯಲ್ಲಿ ಬೋರ್ಡು ಹಾಕಬೇಕಿತ್ತು. 44ನೇ ಕಲಂ ಕೂರುವ ವ್ಯವಸ್ಥೆ: ನಿಂತೇ ದುಡಿಯುವವರಿಗೆ ಸಿಕ್ಕ ಬಿಡುವಿನಲ್ಲಿ ಕೂರಲು ಜಾಗ ಇರಬೇಕಿತ್ತು. ನೀರು ಮತ್ತು ಕುರ್ಚಿ! ಅದು ಕಾರ್ಖಾನೆಗೆ ಮಾತ್ರ ಅನ್ವಯವಾಗುತ್ತಿತ್ತು, ನಮ್ಮಂಥ ಕಚೇರಿಗಳಿಗಲ್ಲ, ನಿಜ. ಆದರೂ ಓದಿದಾಗ ನನಗೆ ಕಾಳಿದಾಸ ನೆನಪಾಗುತ್ತಾನೆ.

ಈಗ ಕುರ್ಚಿಯನ್ನ ಕೈಯಿಂದ ಎಳೆಯುವುದಿಲ್ಲ, ಪಟ್ಟಿಯಿಂದ ಎಳೆಯುತ್ತಾರೆ. 2017ರ ಫೆಬ್ರವರಿಯಲ್ಲಿ ಪವಿತ್ರ ಪ್ರಕರಣದ ತೀರ್ಪು ಬಂದು, ಜ್ಯೇಷ್ಠತಾ ಪಟ್ಟಿಗಳು ಬದಲಾಗಿ, ನಮ್ಮ ಎಷ್ಟೋ ಜನ ಹಿಂಬಡ್ತಿ ಕಂಡರು. ರಾಜ್ಯ ಹೊಸ ಕಾಯ್ದೆ ತಂದು, 2019ರ ಮೇ 10ರಂದು ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯುವ ತನಕ ಆ ಮನೆಗಳಲ್ಲಿ ನಿದ್ದೆ ಇರಲಿಲ್ಲ. ಅದಕ್ಕೆ ಯಾವ ತರಬೇತಿಯೂ ಇರಲಿಲ್ಲ. ಸಂಘಟನೆ ಇತ್ತು, ಅಂಕಿಅಂಶ ಇತ್ತು, ವಕೀಲರಿದ್ದರು.

ಆ ಹುಡುಗನಿಗೆ ನಾನು ಹೇಳಿದ್ದು ಇಷ್ಟೇ. ತಮ್ಮಾ, ನಿದ್ದೆ ಬರದಿದ್ರೆ ಡಾಕ್ಟರ ಹತ್ರ ಹೋಗು, ನಾಚಿಕೆ ಬೇಡ. ಸರ್ಕಾರದ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡು, ಕನ್ನಡದಲ್ಲೇ ಮಾತಾಡ್ತಾರೆ. ಉಸಿರಾಟವೂ ಮಾಡು, ದೇಹ ನಿನ್ನದೇ. ಆದರೆ ತಪ್ಪು ನಿನ್ನದು ಅಂದ್ಕೋಬೇಡ. ಯಾವತ್ತು, ಎಷ್ಟು ಗಂಟೆಗೆ, ಯಾರು, ಯಾರ ಎದುರಿಗೆ ಏನಂದರು, ಎಲ್ಲ ಒಂದು ನೋಟ್‌ಬುಕ್ಕಲ್ಲಿ ಬರೆದಿಡು. ದೂರು ಕೊಟ್ಟರೆ ಟಪಾಲಿನಲ್ಲಿ ಕೊಟ್ಟು ಸ್ವೀಕೃತಿ ಸಹಿ ತಗೋ. ನಮ್ಮ ನೌಕರರ ಸಂಘದ ಇಬ್ಬರಿಗಾದರೂ ಹೇಳು. ಒಬ್ಬನೇ ಹೋಗಬೇಡ. 1989ರ ದೌರ್ಜನ್ಯ ತಡೆ ಕಾಯ್ದೆ ಕಚೇರಿಯ ಗೇಟಿನ ಹೊರಗೆ ನಿಲ್ಲೋದಿಲ್ಲ.

ಕಾಳಿದಾಸ ಒಬ್ಬನೇ ಇದ್ದಾಗ ಬರೆದ ಪತ್ರ ಹರಿದುಹೋಯಿತು. ತನ್ನವರ ನಡುವೆ ನಿಂತು ಹೇಳಿದ ಮಾತು ಇವತ್ತಿಗೂ ಉಳಿದಿದೆ.

ರಾಜೀನಾಮೆ ಪತ್ರ ನನ್ನ ಬೀರುವಿನಲ್ಲಿದೆ. ಬೇಕು ಅನ್ನಿಸಿದ ದಿನ ಬಂದು ತಗೊಂಡು ಹೋಗು ಅಂದಿದ್ದೇನೆ. ಇನ್ನೂ ಬಂದಿಲ್ಲ.

ನಿಮ್ಮ ಕಚೇರಿಯಲ್ಲಿ ಇಂಥ ಹುಡುಗ, ಹುಡುಗಿ ಇದ್ದರೆ ನಾಳೆ ಮಧ್ಯಾಹ್ನ ಡಬ್ಬಿ ತಗೊಂಡು ಹೋಗಿ ಅವರ ಪಕ್ಕ ಕೂರಿ. ಜೈ ಭೀಮ್.