ನೀಲಗಿರಿಯ ಹೊಲಗಳ ನಡುವಿನ ಕಲ್ಮನೆಗಳು

ಊಟಿಯಿಂದ ಶೋಲೂರಿನ ಕಡೆಗೆ ಹೋಗಲಿ, ಕೋತಗಿರಿಯ ಕಡೆಗೆ ಹೋಗಲಿ, ಬಡಗ ಸಮುದಾಯದ ಹಟ್ಟಿಗಳ ಸುತ್ತ ಕಾಣುವುದು ಕ್ಯಾರೆಟ್, ಆಲೂಗಡ್ಡೆ, ಕೋಸಿನ ಮೆಟ್ಟಿಲು ಹೊಲಗಳು. ಅವುಗಳಾಚೆ ಚಹಾ ತೋಟ. ಹಿಂದೆ ಇದೇ ನೆಲದಲ್ಲಿ ಸಾಮೆ, ರಾಗಿ ಬೆಳೆಯುತ್ತಿದ್ದರು. ಈ ಸಾಗುವಳಿ ಭೂಮಿಯ ಒಳಗೂ ಅಂಚಿನ ಗುಡ್ಡಗಳ ನೆತ್ತಿಯ ಮೇಲೂ ಹಳೆಯ ಕಾಲದ ಕಲ್ಲಿನ ರಚನೆಗಳು ಉಳಿದಿವೆ.

ಗುಡ್ಡದ ನೆತ್ತಿಯಲ್ಲಿರುವವು ಬಹುತೇಕ ಶಿಲಾವೃತ್ತದ ಸಮಾಧಿಗಳು. ಕೆಲವಕ್ಕೆ ಸೇದುವ ಬಾವಿಯ ಕಟ್ಟೆಯಂತೆ ದುಂಡನೆಯ ಗೋಡೆಯಿದೆ. ಹಳ್ಳಿಗಳ ಹತ್ತಿರ, ಶೋಲೂರು, ಮೇಲೂರು, ತೂದೂರು ಮುಂತಾದೆಡೆ ಇರುವವು ಬೇರೆ ಬಗೆಯವು: ಚಪ್ಪಡಿ ನಿಲ್ಲಿಸಿ, ಮೇಲೆ ಚಪ್ಪಡಿ ಹೊದಿಸಿ, ಮುಂಭಾಗ ತೆರೆದಿಟ್ಟ ಕಲ್ಮನೆಗಳು. ಒಳಗೋಡೆಯಲ್ಲಿ ಬಿಲ್ಲು ಹಿಡಿದ ವೀರ, ಕೈಮುಗಿದ ಹೆಂಗಸು, ಮೇಲೆ ಸೂರ್ಯಚಂದ್ರ. ಕರ್ನಾಟಕದ ವೀರಗಲ್ಲು ನೋಡಿದ ಕಣ್ಣಿಗೆ ಇವು ಅಪರಿಚಿತವಲ್ಲ. ಬೆಟ್ಟಕ್ಕೂ ಕನ್ನಡ ನಾಡಿಗೂ ಇದ್ದ ಸಂಪರ್ಕ ಶಾಸನದಲ್ಲೂ ಇದೆ: ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸನು ಬೆಟ್ಟದ ತೋಡ ಬುಡಕಟ್ಟಿನವರನ್ನು ಬೆದರಿಸಿ ನೀಲಾದ್ರಿಯನ್ನು ಗೆದ್ದನೆಂದು ಚಾಮರಾಜನಗರದ 1117ರ ಶಾಸನ ಹೇಳುತ್ತದೆ. ಕೆತ್ತನೆಯಿರುವ ಕಲ್ಮನೆಗಳು ಮಧ್ಯಯುಗದವು. ಗುಡ್ಡದ ಸಮಾಧಿಗಳನ್ನೂ ಇವುಗಳನ್ನೂ ಒಂದೇ ಕಾಲಕ್ಕೆ ಸೇರಿಸುವಂತಿಲ್ಲ.

ಈ ಕಲ್ಲುಗಳನ್ನು ಕಟ್ಟಿದವರು ಯಾರೇ ಇರಲಿ, ಆಮೇಲೆ ಬಂದವರೂ ಅವನ್ನು ಬಳಸಿದರು. ಬೆಟ್ಟದ ಇನ್ನೊಂದು ಬುಡಕಟ್ಟಾದ ಕುರುಂಬರು ಸಾವಿನ ನಂತರ ಹೊಳೆಯಲ್ಲಿ ಸವೆದ ಉದ್ದನೆಯ ಕಲ್ಲೊಂದನ್ನು ತಂದು ಹಳೆಯ ಕಲ್ಮನೆಯಲ್ಲಿ ಇಡುತ್ತಿದ್ದರು. ತಲೆಮಾರುಗಳ ಕಾಲ ಹೀಗೆ ಇಟ್ಟು ಚಾವಣಿಯವರೆಗೆ ತುಂಬಿಹೋದ ಕಲ್ಮನೆಗಳನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ನೋಡಿ ಬರೆದವರಿದ್ದಾರೆ. ನನಗೆ ಇಡೀ ನೀಲಗಿರಿಯ ಚರಿತ್ರೆಯಲ್ಲಿ ಇದಕ್ಕಿಂತ ಮನಮುಟ್ಟುವ ಸಂಗತಿ ಮತ್ತೊಂದಿಲ್ಲ.

ಮೊದಲ ಹುಡುಕಾಟಗಳು ಅಗೆತದ ರೂಪದಲ್ಲಿ ನಡೆದವು. 1847ರಲ್ಲಿ ಕ್ಯಾಪ್ಟನ್ ಕಾಂಗ್ರೀವ್ ಇವೆಲ್ಲ ತೋಡರ ಪೂರ್ವಿಕರವು ಎಂದು ವಾದಿಸಿದ. ಆದರೆ ಗುಡ್ಡದ ಸಮಾಧಿಗಳನ್ನು ತೆರೆಯುವಾಗ ತೋಡರು ಅಡ್ಡಿ ಮಾಡಲಿಲ್ಲವೆಂಬುದೂ ದಾಖಲಾಗಿದೆ. ನೀಲಗಿರಿ 1868ರಲ್ಲಿ ಪ್ರತ್ಯೇಕ ಆಡಳಿತಕ್ಕೆ ಬಂದಾಗ ಮೊದಲ ಕಮಿಷನರ್ ಆದ ಜೇಮ್ಸ್ ವಿಲ್ಕಿನ್ಸನ್ ಬ್ರೀಕ್ಸ್ ಹಲವು ಸಮಾಧಿಗಳನ್ನು ಅಗೆಸಿದ. ಮುಚ್ಚಳದ ಮೇಲೆ ಎಮ್ಮೆ ಮುಂತಾದ ಪ್ರಾಣಿಗಳ ಗೊಂಬೆಯಿದ್ದ ಎತ್ತರದ ಮಡಕೆಗಳು, ಕಂಚಿನ ಬಟ್ಟಲು, ಕಬ್ಬಿಣದ ಭರ್ಜಿ, ಕುಡುಗೋಲು ಸಿಕ್ಕವು. 1872ರಲ್ಲಿ ಆತ ತೀರಿಕೊಂಡ. ಅವನ ಪುಸ್ತಕವನ್ನು ಹೆಂಡತಿ 1873ರಲ್ಲಿ ಪ್ರಕಟಿಸಿದಳು. ವಸ್ತುಗಳು ಇಂದು ಚೆನ್ನೈ ಮತ್ತು ಲಂಡನ್ ವಸ್ತುಸಂಗ್ರಹಾಲಯಗಳಲ್ಲಿವೆ. ಯಾವುದು ಯಾವ ಪದರದಲ್ಲಿತ್ತು ಎಂಬ ವಿವರ ಸರಿಯಾಗಿ ಉಳಿಯದ ಕಾರಣ ಕಾಲನಿರ್ಣಯ ಇಂದಿಗೂ ಕಷ್ಟ. ಒಳಗಿನದು ಹೋದ ಮೇಲೆ ಬೆಟ್ಟದಲ್ಲಿ ನಮಗೆ ಉಳಿದಿರುವುದು ಕಲ್ಲು ಮತ್ತು ಅದು ನಿಂತ ಜಾಗ, ಎರಡೇ. ಕಲ್ಲನ್ನು ಕದಲಿಸಿದರೆ ಅದೂ ಹೋಯಿತು.

ಕಲ್ಲು ಕದಲುತ್ತಿರುವುದು ಹೊಲಗಳಲ್ಲಿಯೇ. ಇಳಿಜಾರನ್ನು ಮೆಟ್ಟಿಲು ಮಾಡುವವನಿಗೆ ಚಪ್ಪಡಿ ಎಂದರೆ ತಡೆಗೋಡೆಗೆ ಸಿದ್ಧವಾಗಿ ಬಿದ್ದ ಕಲ್ಲು. ಇದರಲ್ಲಿ ರೈತನ ತಪ್ಪೇನೂ ಇಲ್ಲ. ಅವನ ಪಟ್ಟಾದಲ್ಲಾಗಲಿ ಸರ್ವೆ ನಕ್ಷೆಯಲ್ಲಾಗಲಿ ಆ ಕಲ್ಲಿನ ಗುರುತೇ ಇಲ್ಲದಿದ್ದರೆ ಅವನಿಗೆ ಹೇಳುವವರಾದರೂ ಯಾರು?

ಹಾಗೆ ಗುರುತಿಸುವ ಸಮೀಕ್ಷೆಗೆ ಗುದ್ದಲಿ ಬೇಕಿಲ್ಲ. ಹೊಲ ಹಸನು ಮಾಡುವಾಗ ಆಯ್ದು ಹಾಕಿದ ರಾಶಿಗೂ ಸಮಾಧಿಗೂ ವ್ಯತ್ಯಾಸ ತಿಳಿದರೆ ಅರ್ಧ ಕೆಲಸವಾದಂತೆ. ಆಯ್ದ ರಾಶಿ ಹೊಲದ ಮೂಲೆಯಲ್ಲಿರುತ್ತದೆ, ಸಣ್ಣ ಕಲ್ಲು, ನಡುವೆ ಸಡಿಲ ಮಣ್ಣು. ಸಮಾಧಿ ಸಾಮಾನ್ಯವಾಗಿ ಏಣಿನ ಮೇಲೆ. ಸುತ್ತ ನೆಲದಲ್ಲಿ ಹೂತು ನಿಲ್ಲಿಸಿದ ದೊಡ್ಡ ಕಲ್ಲುಗಳ ಸಾಲು, ಹಿಂದೆ ಅಗೆದಿದ್ದರೆ ನಡುವೆ ತಗ್ಗು. ಅದರ ಅಡ್ಡಳತೆ, ದಿಕ್ಕು, ಜಿಪಿಎಸ್ ಸ್ಥಾನ, ಚಿತ್ರ, ಸರ್ವೆ ನಂಬರ್ ಇಷ್ಟನ್ನು ಬರೆದುಕೊಳ್ಳಬೇಕು. ಹಳೆಯ ತಡೆಗೋಡೆಗಳನ್ನೂ ಬಿಡದೆ ನೋಡಬೇಕು, ಕೆತ್ತನೆಯ ಚಪ್ಪಡಿ ಅಲ್ಲಿ ಸೇರಿರಬಹುದು. ಎಲ್ಲಕ್ಕಿಂತ ಮೊದಲು ಹಟ್ಟಿಯ ಹಿರಿಯರನ್ನೂ, ಪಕ್ಕದ ಮಂದ್‌ನ (ತೋಡರ ಹಟ್ಟಿಯ) ಜನರನ್ನೂ, ಕುರುಂಬರನ್ನೂ ಕೇಳಬೇಕು. ಅಂತ್ಯಕ್ರಿಯೆ ನಡೆಸುವ ಕಲ್ಲಿನ ಸುತ್ತು ತೋಡರಿಗೂ ಇದೆ. ಅಂಥದನ್ನು ಪಾಳುಬಿದ್ದ ಅವಶೇಷವೆಂದು ಬರೆದರೆ ಅದು ದೊಡ್ಡ ಅನ್ಯಾಯ.

ಉಳುವಾಗ ಹಳೆಯ ವಸ್ತು ಸಿಕ್ಕರೆ 1878ರ ನಿಧಿ ಕಾಯ್ದೆಯಂತೆ ಕಲೆಕ್ಟರಿಗೆ ತಿಳಿಸಬೇಕು. ಹತ್ತು ರೂಪಾಯಿಗೆ ಮೇಲ್ಪಟ್ಟ ಬೆಲೆಯ ಯಾವ ನಿಧಿಗೂ ಅದು ಅನ್ವಯಿಸುತ್ತದೆ. ಆದರೆ ಬರೀ ಕಲ್ಲಿಗೆ ಆ ಕಾಯ್ದೆಯ ಆಸರೆಯಿಲ್ಲ. ಆದ್ದರಿಂದ ಕಂದಾಯ ಇಲಾಖೆ ತನ್ನ ಸರ್ವೆ ನಕ್ಷೆಯಲ್ಲೇ ಪ್ರತಿ ಕಲ್ಮನೆಯನ್ನೂ ಶಿಲಾವೃತ್ತವನ್ನೂ ಗುರುತಿಸಿ, ಪುರಾತತ್ವ ಇಲಾಖೆಗೆ ಪಟ್ಟಿ ಕೊಡಬೇಕು; ಅದಕ್ಕಾಗಿ ಬಿಟ್ಟ ತುಂಡು ನೆಲಕ್ಕೆ ರೈತನಿಗೆ ಪರಿಹಾರ ಸಿಗಬೇಕು. ನಿಮ್ಮ ಹೊಲದಲ್ಲಿ ಅಂಥ ಕಲ್ಲಿದ್ದರೆ ದಯವಿಟ್ಟು ಅದರ ಸುತ್ತ ನಾಲ್ಕಡಿ ಬಿಟ್ಟು ಉತ್ತು, ಗ್ರಾಮಾಡಳಿತ ಅಧಿಕಾರಿಗೆ ಲಿಖಿತವಾಗಿ ತಿಳಿಸಿ.