ಕವಚ ಕಾಯುವ ಕಸೆ

ಕನ್ನಡಿಗರು ಸೀರೆ ಉಡುತ್ತಾರೆ, ಅಂಗಿ ತೊಡುತ್ತಾರೆ, ಒಡವೆ ಇಟ್ಟುಕೊಳ್ಳುತ್ತಾರೆ. ಆದರೆ ವೇಷವನ್ನು ಕಟ್ಟುತ್ತಾರೆ. ಈ ಮಾತು ಸುಮ್ಮನೆ ಹುಟ್ಟಿದ್ದಲ್ಲ. ಬಯಲಾಟದ ಅಟ್ಟದ ಹಿಂದೆ ಒಂದು ಗಳಿಗೆ ನಿಂತು ನೋಡಿದರೆ ಇದರ ಅರ್ಥ ತಾನಾಗಿ ತಿಳಿಯುತ್ತದೆ. ಅಲ್ಲಿ ಭೀಮ, ದುರ್ಯೋಧನರು ಬಣ್ಣದಿಂದ ಅರ್ಧ ತಯಾರಾದರೆ ಇನ್ನರ್ಧ ತಯಾರಾಗುವುದು ಲಾಡಿ, ದಾರ, ಪಟ್ಟಿಗಳಿಂದ.

ಒಡವೆಗಳ ಹೆಸರುಗಳೇ ಇದಕ್ಕೆ ಸಾಕ್ಷಿ. ಎದೆಯ ಮೇಲಿನದು ಎದೆಕಟ್ಟು, ತೋಳಿನದು ತೋಳುಕಟ್ಟು, ಮುಂಗೈಯದು ಕೈಕಟ್ಟು. ಅಂಗಿಯ ದಾರಕ್ಕೆ ಕಸೆ ಎಂದು ಹೆಸರು. ಗುಂಡಿ ಬರುವ ಮುಂಚೆ ನಮ್ಮ ಹಿರಿಯರು ತೊಡುತ್ತಿದ್ದುದು ಕಸೆಯಂಗಿಯನ್ನೇ. ಕೆಲಸಕ್ಕೆ ಸಿದ್ಧನಾದವನನ್ನು ಇಂದಿಗೂ ಟೊಂಕ ಕಟ್ಟಿ ನಿಂತವನು ಎನ್ನುತ್ತೇವೆ. ಯುದ್ಧದ ಉಡುಪು ಮರೆಯಾಗಿ ಎಷ್ಟೋ ಕಾಲವಾದರೂ ಅದರ ಗಂಟು ಭಾಷೆಯಲ್ಲಿ ಬಿಗಿಯಾಗಿಯೇ ಉಳಿದಿದೆ.

ಹಲಗೆ, ರಟ್ಟು, ಕನ್ನಡಿ ಚೂರು

ಬಳ್ಳಾರಿ, ಹೊಸಪೇಟೆ, ಕಂಪ್ಲಿ, ಸಂಡೂರು ಸೀಮೆ ದೊಡ್ಡಾಟದ ಸೀಮೆ. ಇಲ್ಲಿನ ವೀರನಿಗೆ ಕಬ್ಬಿಣದ ಕವಚವಿಲ್ಲ. ಹಗುರ ಮರದ ಹಲಗೆಯನ್ನೋ ರಟ್ಟನ್ನೋ ಕೊರೆದು, ಬೇಗಡೆ ಹಚ್ಚಿ, ಕನ್ನಡಿ ಚೂರು, ಮಣಿ ಅಂಟಿಸಿದ ಸಾಮಾನುಗಳೇ ಅವನ ಯುದ್ಧಸನ್ನಾಹ. ತಲೆಗೆ ಕಿರೀಟ, ಹೆಗಲಿಗೆ ರೆಕ್ಕೆಯಂಥ ಭುಜಕೀರ್ತಿ, ಎದೆಗೆ ಎದೆಕಟ್ಟು, ಸೊಂಟಕ್ಕೆ ನಡುಪಟ್ಟಿ, ಕಾಲಿಗೆ ಗೆಜ್ಜೆ. ದೂರದಿಂದ ದೀಪದ ಬೆಳಕಿನಲ್ಲಿ ನೋಡಿದವರಿಗೆ ಅದು ಚಿನ್ನ. ಹತ್ತಿರದಿಂದ ಬಲ್ಲವರಿಗೆ ಅದು ಹಲಗೆ ಮತ್ತು ಹುರಿ.

ಈ ಹುರಿಯ ಕೆಲಸ ಸುಲಭದ್ದಲ್ಲ. ದೊಡ್ಡಾಟದ ಪಾತ್ರಧಾರಿ ಮೂರ್ತಿಯಂತೆ ನಿಲ್ಲುವವನಲ್ಲ. ಸಾರಥಿಯ ಪ್ರಶ್ನೆಗಳಿಗೆ ಗತ್ತಿನಿಂದ ಉತ್ತರ ಕೊಡಬೇಕು, ಹಾಡಬೇಕು, ಅಟ್ಟದ ಹಲಗೆ ಅದುರುವಂತೆ ಹೆಜ್ಜೆ ಹಾಕಬೇಕು. ಅದೂ ಇರುಳೆಲ್ಲ. ಆ ಹೊತ್ತಿನಲ್ಲಿ ಕಟ್ಟು ಸಡಿಲವಾದರೆ ಭುಜಕೀರ್ತಿ ಜಾರಿ ಮೊಣಕೈಗೆ ಬರುತ್ತದೆ, ಕಿರೀಟ ಕಣ್ಣಿಗೆ ಇಳಿಯುತ್ತದೆ. ಅಬ್ಬರಿಸಿದ ರಾವಣ ಮರುಕ್ಷಣವೇ ಜನರ ನಗೆಗೆ ಈಡಾಗುತ್ತಾನೆ. ಬಿಗಿ ಹೆಚ್ಚಾದರೂ ಕಷ್ಟವೇ. ಎದೆ ಹಿಗ್ಗದಿದ್ದರೆ ಉಸಿರಿಲ್ಲ, ಉಸಿರಿಲ್ಲದಿದ್ದರೆ ಪದವಿಲ್ಲ.

ಆದ್ದರಿಂದಲೇ ವೇಷ ಕಟ್ಟುವುದಕ್ಕೆ ಒಂದು ಲೆಕ್ಕಾಚಾರವಿದೆ. ಮೊದಲು ದಪ್ಪ ಅಂಗಿ, ಬೇಕಾದಲ್ಲಿ ಮಡಿಸಿದ ಬಟ್ಟೆಯ ಮೆತ್ತೆ. ದಾರ ನೇರವಾಗಿ ಮೈಗೆ ತಾಗಿದರೆ ಬೆಳಗಾಗುವುದರೊಳಗೆ ಚರ್ಮ ಕಿತ್ತು ಬರುತ್ತದೆ. ಆಮೇಲೆ ನಡುಪಟ್ಟಿ. ಮೇಲಿನ ಭಾರದಲ್ಲಿ ಒಂದು ಪಾಲನ್ನು ಸೊಂಟ ಹೊತ್ತುಕೊಂಡರೆ ಹೆಗಲು ಬದುಕುತ್ತದೆ. ಎದೆಕಟ್ಟನ್ನು ಪಾತ್ರಧಾರಿ ಉಸಿರು ತುಂಬಿಕೊಂಡು ನಿಂತಾಗ ಕಟ್ಟಬೇಕು. ಉಸಿರು ಬಿಟ್ಟಾಗ ಕಟ್ಟಿದ ಗಂಟು ಹಾಡುವಾಗ ಕುತ್ತು ತರುತ್ತದೆ. ಭುಜಕೀರ್ತಿಯ ದಾರಗಳನ್ನು ಕಂಕುಳ ಕೆಳಗೆ ಹಾಯಿಸಿ, ಬೆನ್ನ ಮೇಲೆ ಅಡ್ಡಡ್ಡ ಕತ್ತರಿಯಾಗಿ ಎಳೆದು ಕಟ್ಟಿದರೆ ಒಂದರ ಎಳೆತವನ್ನು ಇನ್ನೊಂದು ತಡೆಯುತ್ತದೆ, ಕೈಯೂ ಸಲೀಸಾಗಿ ಮೇಲೇಳುತ್ತದೆ. ಕಿರೀಟವನ್ನು ಬರಿ ತಲೆಗೆ ಇಟ್ಟರೆ ನಿಲ್ಲದು. ತಲೆಗೆ ಬಟ್ಟೆ ಬಿಗಿದು, ಅದರ ಮೇಲೆ ಅದನ್ನು ಕೂರಿಸಬೇಕು.

ಕೊನೆಯದು ಗಂಟಿನ ವಿಚಾರ. ಕಗ್ಗಂಟು ಬಿಚ್ಚಲು ಬಾರದು, ಜಾರುಗಂಟು ತನ್ನಷ್ಟಕ್ಕೆ ತಾನೇ ಬಿಗಿಯುತ್ತ ಹೋಗುತ್ತದೆ. ಬೇಕಾದುದು ಕುಣಿತಕ್ಕೆ ಬಿಚ್ಚದ, ಆದರೆ ತುದಿ ಹಿಡಿದು ಜಗ್ಗಿದೊಡನೆ ಬಿಚ್ಚುವ ಕುಣಿಕೆ. ಒಬ್ಬನೇ ಎರಡು ಪಾತ್ರ ಮಾಡುವಾಗ ಈ ಕುಣಿಕೆಯ ಬೆಲೆ ಗೊತ್ತಾಗುತ್ತದೆ.

ಹಂಪಿಯ ಮೆರವಣಿಗೆ

ಚಿತ್ತವಾಡ್ಗಿ ಇಂದು ಹೊಸಪೇಟೆಯೊಳಗೇ ಸೇರಿಹೋದ ಊರು. ಹೊಸಪೇಟೆಯಿಂದ ಹಂಪಿಗೆ ಸುಮಾರು 13 ಕಿ.ಮೀ. ಈ ಸೀಮೆಗೆ ಕವಚ ಹೊಸತಲ್ಲ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಮಹಾನವಮಿಯ ನಂತರ ನಡೆದ ಸೇನಾ ಪರಿಶೀಲನೆಯನ್ನು ಬೆರಗಿನಿಂದ ವರ್ಣಿಸಿದ್ದಾನೆ. ರಾವುತರು ತೊಟ್ಟಿದ್ದ ಮೆತ್ತೆಯಂಗಿಗಳು ಗಟ್ಟಿ ತೊಗಲಿನ ಪದರುಗಳಿಂದ ಆಗಿದ್ದವು, ಅವುಗಳಲ್ಲಿ ಲೋಹದ ತಗಡುಗಳಿದ್ದವು, ಕೆಲವು ತಗಡುಗಳಿಗೆ ಚಿನ್ನದ ಲೇಪವೂ ಇತ್ತು ಎಂದು ಅವನ ಬರಹದಿಂದ ತಿಳಿಯುತ್ತದೆ. ಈ ವರ್ಣನೆಯನ್ನು ರಾಬರ್ಟ್ ಸಿವೆಲ್ 1900ರಲ್ಲಿ ಇಂಗ್ಲಿಷಿಗೆ ತಂದು ಪ್ರಕಟಿಸಿದ.

ಗಮನಿಸಬೇಕಾದ ಸಂಗತಿಯೆಂದರೆ, ಪಾಯೆಸ್ ಕಂಡದ್ದು ಯುದ್ಧವನ್ನಲ್ಲ, ಹಬ್ಬವನ್ನು. ಅಂದಿನ ಕವಚವೂ ಮೈ ಕಾಯುವಷ್ಟೇ ಮುಖ್ಯವಾಗಿ ಮೆರೆಯುವ ವಸ್ತುವಾಗಿತ್ತು. ಹಜಾರರಾಮ ದೇವಾಲಯದ ಪ್ರಾಕಾರದ ಹೊರಗೋಡೆಯ ಮೇಲೆ ಆನೆ, ಕುದುರೆ, ಕಾಲಾಳುಗಳ ಸಾಲು ಇಂದಿಗೂ ಸಾಗುತ್ತಲೇ ಇದೆ. ಆದರೆ ಕಲ್ಲು ಉಳಿಯಿತು, ಪ್ರವಾಸಿಯ ಮಾತು ಉಳಿಯಿತು; ಆ ತೊಗಲಿನ ಪಟ್ಟಿ, ನೂಲಿನ ಕಸೆಗಳು ಮಣ್ಣಾದವು.

ಇದು ಹಂಪಿಯ ಕಥೆಯಷ್ಟೇ ಅಲ್ಲ. ರೋಮನ್ ಸೈನಿಕರ ಪಟ್ಟಿಪಟ್ಟಿ ಕವಚ ಶಿಲ್ಪಗಳಲ್ಲಿ ಕಾಣುತ್ತಿದ್ದರೂ ಅದರ ತಗಡುಗಳನ್ನು ಹೇಗೆ ಜೋಡಿಸುತ್ತಿದ್ದರೆಂಬುದು ವಿದ್ವಾಂಸರಿಗೆ ಬಹುಕಾಲ ಒಗಟಾಗಿತ್ತು. 1964ರಲ್ಲಿ ಇಂಗ್ಲೆಂಡಿನ ಕಾರ್ಬ್ರಿಜ್ ಎಂಬಲ್ಲಿ ಹೂತಿಟ್ಟ ಪೆಟ್ಟಿಗೆಯೊಂದು ಸಿಕ್ಕಿತು. ಅದರಲ್ಲಿದ್ದ ತಗಡು, ಕೀಲು, ಮೊಳೆಗಳ ಜಾಡು ಹಿಡಿದು, ಒಳಗಿದ್ದ ತೊಗಲಿನ ಪಟ್ಟಿಗಳು ಎಲ್ಲೆಲ್ಲಿ ಹಾಯ್ದಿದ್ದವೆಂದು ಊಹಿಸಿ ಇಡೀ ಕವಚವನ್ನು ಮತ್ತೆ ಕಟ್ಟಿದರು. ಜಪಾನಿನ ಸಮುರಾಯಿಗಳ ಕವಚದಲ್ಲಂತೂ ಪುಟ್ಟ ತಗಡುಗಳನ್ನು ಹೆಣೆದು ಹಿಡಿದಿದ್ದುದೇ ಬಣ್ಣದ ರೇಷ್ಮೆ ಹುರಿ. ಯುರೋಪಿನ ಉಕ್ಕಿನ ಯೋಧರೂ ಒಳಗೊಂದು ಮೆತ್ತೆಯಂಗಿ ತೊಟ್ಟು, ಅದಕ್ಕೆ ಹೊಲಿದ ದಾರಗಳಿಂದ ತೋಳಿನ ತಗಡುಗಳನ್ನು ಬಿಗಿಯುತ್ತಿದ್ದರು. ಪರ್ಷಿಯಾದಿಂದ ಬಂದು ಮೊಗಲರ ಕಾಲದಲ್ಲಿ ಬಳಕೆಯಲ್ಲಿದ್ದ ‘ಚಾರ್ ಆಯಿನಾ’ ಎಂದರೆ ನಾಲ್ಕು ಕನ್ನಡಿ. ಎದೆ, ಬೆನ್ನು, ಎರಡು ಪಕ್ಕೆಗಳಿಗೆ ಒಂದೊಂದು ತಗಡು, ನಾಲ್ಕನ್ನೂ ಕೂಡಿಸಲು ಪಟ್ಟಿ. ಒಳಗೆ ಮೆತ್ತೆ, ಮೇಲೆ ಗಟ್ಟಿ, ನಡುವೆ ಕಟ್ಟು: ಈ ಸೂತ್ರ ಎಲ್ಲ ಕಡೆಯೂ ಒಂದೇ.

ಕಟ್ಟುವ ಇನ್ನೊಂದು ಕೈ

ಮಹಾಭಾರತದಲ್ಲಿ ಕಸೆ ಬೇಕಿಲ್ಲದ ಕವಚ ಒಂದೇ, ಅದು ಕರ್ಣನದು. ಹುಟ್ಟುವಾಗಲೇ ಮೈಗೆ ಅಂಟಿ ಬಂದ ಅದನ್ನು ಬಿಚ್ಚಲಾಗದೆ ಅವನು ಕೊಯ್ದುಕೊಡಬೇಕಾಯಿತು. ಇದಕ್ಕೆ ಎದುರಾಗಿ ದ್ರೋಣಪರ್ವದಲ್ಲಿ ಮತ್ತೊಂದು ಪ್ರಸಂಗವಿದೆ. ಅರ್ಜುನನನ್ನು ಎದುರಿಸಲು ಅಂಜಿದ ದುರ್ಯೋಧನನಿಗೆ ದ್ರೋಣಾಚಾರ್ಯ ಮಂತ್ರ ಹೇಳುತ್ತ ತನ್ನ ಕೈಯಾರೆ ಕವಚ ಕಟ್ಟುತ್ತಾನೆ. ಅರ್ಜುನನ ಬಾಣಗಳು ತಾಗದಾದಾಗ, ಇದು ಆಚಾರ್ಯರು ಕಟ್ಟಿದ ಕವಚವೆಂದು ಅವನು ಗುರುತಿಸುತ್ತಾನೆ. ಕವಚಕ್ಕಿಂತ ಕಟ್ಟಿದ ಕೈ ದೊಡ್ಡದು ಎಂಬುದು ಇಲ್ಲಿನ ಧ್ವನಿ.

ಬಯಲಾಟದ ಮಟ್ಟಿಗೂ ಇದು ನಿಜ. ತನ್ನ ಬೆನ್ನಿನ ಗಂಟನ್ನು ತಾನೇ ಹಾಕಿಕೊಳ್ಳುವುದು ಯಾವ ವೀರನಿಗೂ ಸಾಧ್ಯವಿಲ್ಲ. ಹಿಂದೆ ಇನ್ನೊಬ್ಬ ನಿಲ್ಲಲೇಬೇಕು. ಯಾರ ಹೆಗಲು ಎಷ್ಟು ಭಾರ ತಾಳುತ್ತದೆ, ಯಾರ ಎದೆ ಹಾಡುವಾಗ ಎಷ್ಟು ಹಿಗ್ಗುತ್ತದೆ ಎಂಬುದನ್ನು ಆ ಕೈ ಬಲ್ಲದು. ಈ ತಿಳಿವಳಿಕೆ ಪುಸ್ತಕದಲ್ಲಿಲ್ಲ. ಬಯಲಾಟಕ್ಕೆಂದೇ ಸರ್ಕಾರ ಪ್ರತ್ಯೇಕ ಅಕಾಡೆಮಿ ಮಾಡಿದೆ. ಹಾಡು, ಪ್ರಸಂಗಗಳನ್ನು ಬರೆದಿಡಬಹುದು, ಧ್ವನಿ ಮುದ್ರಿಸಬಹುದು. ಗಂಟನ್ನು ಮಾತ್ರ ಕೈಯಿಂದ ಕೈಗೆ ಕೊಡಬೇಕು.

1980ರ ದಶಕದಲ್ಲಿ ಎಂ.ಪಿ. ಪ್ರಕಾಶ್ ಅವರ ಆಸಕ್ತಿಯಿಂದ ರೂಪುಗೊಂಡ ಹಂಪಿ ಉತ್ಸವದಂಥ ಸಂಭ್ರಮಗಳಿಗೂ, ಶಾಲೆಯ ವಾರ್ಷಿಕೋತ್ಸವಕ್ಕೂ ರಟ್ಟು, ಫೋಮ್ ಹಾಳೆಗಳಲ್ಲಿ ಕವಚ ಮಾಡುವ ಹುಡುಗರು ಈಗಲೂ ಇದ್ದಾರೆ. ಅವರು ನೆಚ್ಚುವುದು ಎಲಾಸ್ಟಿಕ್ ಮತ್ತು ವೆಲ್ಕ್ರೋವನ್ನು. ವೆಲ್ಕ್ರೋ ಹುಟ್ಟಿದ ಕಥೆಯೂ ಸ್ವಾರಸ್ಯಕರ. 1941ರಲ್ಲಿ ಸ್ವಿಸ್ ಎಂಜಿನಿಯರ್ ಜಾರ್ಜ್ ದ ಮೆಸ್ಟ್ರಾಲ್, ತನ್ನ ನಾಯಿಯ ರೋಮಕ್ಕೆ ಅಂಟಿದ ಮುಳ್ಳುಕಾಯಿಗಳನ್ನು ಪರೀಕ್ಷಿಸಿ ಈ ಉಪಾಯ ಕಂಡುಕೊಂಡ. ಹೊಲದಲ್ಲಿ ನಡೆದವರ ಪಂಚೆಗೆ ಉತ್ತರಾಣಿ ಅಂಟುವುದು ನಮಗೇನೂ ಹೊಸತಲ್ಲ. ವೆಲ್ಕ್ರೋ ಬೇಗ ಅಂಟುತ್ತದೆ, ಬೇಗ ಬಿಚ್ಚುತ್ತದೆ. ಆದರೆ ಕೊಕ್ಕೆಗಳಲ್ಲಿ ಧೂಳು, ನೂಲು ತುಂಬಿದರೆ ಹಿಡಿತ ತಪ್ಪುತ್ತದೆ. ಎಲಾಸ್ಟಿಕ್ ಹೆಜ್ಜೆಗೊಮ್ಮೆ ಹಿಗ್ಗಿ ಭಾರದ ಸಾಮಾನನ್ನು ಕುಣಿಸುತ್ತದೆ. ಹತ್ತು ನಿಮಿಷದ ಮೆರವಣಿಗೆಗೆ ಇವು ಸಾಕು, ಇರುಳಿಡೀ ನಡೆಯುವ ಆಟಕ್ಕೆ ಸಾಲವು. ರಟ್ಟಿಗೆ ಬರಿ ತೂತು ಕೊರೆದು ದಾರ ಪೋಣಿಸಿದರೂ ಎಳೆತಕ್ಕೆ ತೂತು ಹರಿಯುತ್ತದೆ. ಹಿಂಬದಿಗೆ ಬಟ್ಟೆಯ ಅಗಲ ಪಟ್ಟಿ ಅಂಟಿಸಿ, ಹೊಲಿದು, ಅದಕ್ಕೆ ಲಾಡಿ ಕೂಡಿಸಿದರೆ ಎಳೆತ ಹಂಚಿಹೋಗುತ್ತದೆ. ಹೊಸ ವಸ್ತು ಬಳಸುವವರೂ ಹಳೆಯ ಕೈಗಳಿಂದ ಕಲಿಯಬೇಕಾದುದು ಇದನ್ನೇ.

ಮಂಗಳಾರತಿ ಮುಗಿದು, ಬೆಳಗಿನ ತಂಗಾಳಿಯಲ್ಲಿ ಕುಣಿಕೆಗಳು ಒಂದೊಂದಾಗಿ ಬಿಚ್ಚಿಕೊಳ್ಳುತ್ತವೆ. ಎದೆಕಟ್ಟು ಕಳಚಿದಾಗ ರಾತ್ರಿಯೆಲ್ಲ ರಾಜನಾಗಿದ್ದವನು ಎದೆ ತುಂಬ ಉಸಿರೆಳೆದುಕೊಂಡು ಮತ್ತೆ ರೈತನಾಗುತ್ತಾನೆ. ಚಪ್ಪಾಳೆ ಅವನಿಗೆ ಸಿಕ್ಕಿರುತ್ತದೆ. ಬಿಚ್ಚಿದ ದಾರಗಳನ್ನು ಸುತ್ತಿ ಪೆಟ್ಟಿಗೆಗೆ ಇಡುವವನು ಮುಂದಿನ ಆಟಕ್ಕೆ ಯಾವ ಲಾಡಿ ಬದಲಿಸಬೇಕೆಂದು ಆಗಲೇ ನೋಡಿಟ್ಟಿರುತ್ತಾನೆ.