ಲಕೋಟೆಯ ಮೇಲಿನ ಹೆಸರು

ಹುಕ್ಕೇರಿ ತಾಲೂಕಿನ ಹಿಡಕಲ್ ಜಲಾಶಯದಿಂದ ಘಟಪ್ರಭೆಗೆ ನೀರು ಬಿಟ್ಟಾಗ ಕೆಳಗಿನ ಗೋಕಾಕ, ಮೂಡಲಗಿ ತಾಲೂಕುಗಳಿಗೆ ಮೊದಲು ಸುದ್ದಿ ಮುಟ್ಟಬೇಕು, ಆಮೇಲೆ ನೀರು. 2019ರ ಆಗಸ್ಟ್‌ನಲ್ಲಿ ಗೋಕಾಕದೊಳಗೆ ಹೊಳೆ ಹೊಕ್ಕಿದ್ದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಂಥ ಸೂಚನೆಯೊಂದು ಇಮೇಲ್‌ನಲ್ಲಿ ಹೊರಟು ಸ್ಪ್ಯಾಮ್ ಪೆಟ್ಟಿಗೆಗೆ ಬಿತ್ತು ಎಂದುಕೊಳ್ಳಿ. ‘ನಮ್ಮ ಕಚೇರಿಯವರ ಪತ್ರಗಳನ್ನು ಸೋಸಬೇಡ’ ಎಂದು ಸರ್ವರ್‌ಗೆ ಹೇಳಿಬಿಟ್ಟರೆ ಮುಗಿಯಿತಲ್ಲ ಎನಿಸುತ್ತದೆ. ಆದರೆ ನಮ್ಮವರನ್ನು ಗುರುತಿಸುವುದು ಹೇಗೆ?

ಪ್ರಶ್ನೆ ಹಳೆಯದು. ಬ್ರಿಟನ್ನಿನ ಸಂಸದರು ಲಕೋಟೆಯ ಮೇಲೆ ಸಹಿ ಹಾಕಿದರೆ ಅಂಚೆ ವೆಚ್ಚವಿರಲಿಲ್ಲ. ಸಹಿಯ ನಕಲು, ದುರುಪಯೋಗ ಹೆಚ್ಚಿದವು. 1764ರಲ್ಲಿ ಇಡೀ ವಿಳಾಸವನ್ನು ಸಂಸದರೇ ಕೈಯಾರೆ ಬರೆಯಬೇಕೆಂಬ ನಿಯಮ ಬಂತು. ಅದೂ ಸಾಲದೆ 1840ರಲ್ಲಿ ಸವಲತ್ತೇ ರದ್ದಾಯಿತು. ಭಾರತದಲ್ಲಿ 1866ರಿಂದ ಸರ್ಕಾರಿ ಕಾಗದಗಳಿಗೆಂದೇ ‘ಸರ್ವಿಸ್’ ಎಂದು ಅಚ್ಚೊತ್ತಿದ ಅಂಚೆಚೀಟಿಗಳು ಬಂದವು.

ಇಮೇಲ್ ಈ ಪಾಠವನ್ನು ಮತ್ತೆ ಮೊದಲಿಂದ ಕಲಿಯಬೇಕಾಯಿತು. 1978ರಲ್ಲೇ ಗ್ಯಾರಿ ಥರ್ಕ್ ಎಂಬ ಮಾರಾಟಗಾರ ಸುಮಾರು 400 ಮಂದಿಗೆ ಕಂಪ್ಯೂಟರಿನ ಜಾಹೀರಾತು ಕಳಿಸಿದ್ದ. ಆದರೂ 1982ರಲ್ಲಿ ಜಾನ್ ಪೋಸ್ಟೆಲ್ ಬರೆದ ಎಸ್‌ಎಂಟಿಪಿ ನಿಯಮಾವಳಿ ಕಳಿಸುವವನ ಮಾತನ್ನೇ ನಂಬಿತು. ‘ಇಂದ’ ಎಂಬಲ್ಲಿ ಯಾರ ಹೆಸರನ್ನಾದರೂ ಬರೆಯಬಹುದಿತ್ತು. 2001ರಲ್ಲಿ ಬಂದ ಸ್ಪ್ಯಾಮ್‌ಅಸಾಸಿನ್ ಪತ್ರಗಳಿಗೆ ಅಂಕ ಹಾಕತೊಡಗಿತು. ಅದರ ಮೂಲ ಹೊಂದಾಣಿಕೆಯಲ್ಲಿ 5 ಅಂಕ ಮುಟ್ಟಿದ ಪತ್ರ ಸ್ಪ್ಯಾಮ್. ಮನೆಯ ಇಂಟರ್ನೆಟ್‌ನಿಂದ ಬರೆದ ನೌಕರನ ಪತ್ರಕ್ಕೂ ಅಂಕ ಬೀಳಬಹುದು, ಏಕೆಂದರೆ ಅಂಥ ವಿಳಾಸಗಳು ಅನುಮಾನದ ಪಟ್ಟಿಯಲ್ಲಿರುವುದುಂಟು.

ಬೇಸತ್ತ ಸರ್ವರ್ ನಿರ್ವಾಹಕ ಆಗ ‘ನಮ್ಮ ಡೊಮೇನ್ ಹೆಸರಿದ್ದರೆ ಬಿಟ್ಟುಬಿಡು’ ಎಂದು ಬರೆಯುತ್ತಾನೆ. ಮೋಸಗಾರನಿಗೆ ಬೇಕಾದದ್ದೂ ಅದೇ. ಮೇಲಧಿಕಾರಿಯ ಹೆಸರಿನಲ್ಲಿ ಅವನು ಕಳಿಸಿದ ಸುಳ್ಳು ಆದೇಶ ಸೋಸದೆ ಒಳಬರುತ್ತದೆ.

ವಿನಾಯಿತಿ ಸಲ್ಲಬೇಕಾದದ್ದು ಪತ್ರ ಬಂದ ಬಾಗಿಲಿಗೆ. ಪಾಸ್‌ವರ್ಡ್ ಕೊಟ್ಟು ಕಳಿಸುವವರಿಗೆ 587ನೇ ಪೋರ್ಟ್ ಎಂಬ ಪ್ರತ್ಯೇಕ ದಾರಿ 1998ರಲ್ಲೇ ಗೊತ್ತಾಯಿತು. ಆ ದಾರಿಯಲ್ಲಿ ಗುರುತು ತೋರಿಸಿದವರನ್ನು ಸೋಸದೆ ಬಿಡಬಹುದು. ಹೊರಗಿನಿಂದ ನಮ್ಮ ಹೆಸರು ಹೊತ್ತು ಬಂದದ್ದನ್ನು ಮಾತ್ರ ಇನ್ನಷ್ಟು ಬಿಗಿಯಾಗಿ ನೋಡಬೇಕು. ಎಸ್‌ಪಿಎಫ್, ಡಿಕೆಐಎಂ, ಡಿಮಾರ್ಕ್ ಎಂಬ ಪರೀಕ್ಷೆಗಳು ಹುಟ್ಟಿದ್ದು ಇದಕ್ಕಾಗಿಯೇ. ಪಾಸ್‌ವರ್ಡ್ ಕಳುವಾದರೆ ಒಳಗಿನವನ ವೇಷದಲ್ಲೇ ಕಳ್ಳ ಬರುತ್ತಾನೆ. ಆದ್ದರಿಂದ ವೈರಸ್ ತಪಾಸಣೆಯನ್ನೂ, ಗಂಟೆಗೆ ಇಷ್ಟೇ ಪತ್ರ ಎಂಬ ಮಿತಿಯನ್ನೂ ಯಾರಿಗೂ ಸಡಿಲಿಸಬಾರದು.

ನೀರು ಬಿಡುವ ಸುದ್ದಿ ತಪ್ಪಿಹೋದರೆ ಅಪಾಯ, ಸುಳ್ಳು ಸುದ್ದಿ ಮುಟ್ಟಿದರೂ ಅಪಾಯ. ನದಿ ದಂಡೆಯವರು ಎರಡನ್ನೂ ಬಲ್ಲರು.